ಮೇವಿಸ್ ಕೇಳಬೇಕಿದ್ದ ಕೊನೆಯ ಭಾಗ

ಲಯನೆಲ್ ಫ್ಯಾನ್‌ಶಾನ ದನಿ ಕಿವಿಗೆ ಬಿದ್ದರೆ ನನಗೆ ಇವತ್ತಿಗೂ ಹೊಟ್ಟೆ ತೊಳಸುತ್ತದೆ. ಬಾಯಿಮಾತಿಗೆ ಹೇಳುತ್ತಿಲ್ಲ. ಈ ದೇಶಕ್ಕೆ ಬಂದಾಗಿನಿಂದ ಆಸ್ಪತ್ರೆಯಲ್ಲಿ ನರ್ಸ್ ಆಗಿ ದುಡಿದವಳು ನಾನು. ಕೀವು, ರಕ್ತ, ವಾಂತಿ ಎಲ್ಲ ಬಳಿದಿದ್ದೇನೆ, ಒಂದು ದಿನ ಮೂಗು ಮುಚ್ಚಿಕೊಂಡವಳಲ್ಲ. ಆದರೆ ಆ ಮನುಷ್ಯ ಮೇವಿಸ್‌ಗೆ ಮಾಡಿದ್ದನ್ನು ನೆನೆದರೆ ಬಾಯೆಲ್ಲ ಕಹಿಯಾಗುತ್ತದೆ. ಹಾಗಂತ ಇದು ಅವನ ಕಥೆಯಲ್ಲ, ಅವನಿಗೆ ಅಷ್ಟು ಯೋಗ್ಯತೆ ಇಲ್ಲ. ಇದು ನನ್ನ ಪಕ್ಕದ ಮನೆಯ ಮೇವಿಸ್ ಟ್ಯಾಟರ್ಸಾಲ್‌ಳ ಕಥೆ.

ಹಾರ್ಲ್‌ಬಿಯಲ್ಲಿ ನಮ್ಮ ಬೀದಿಯ ಮನೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡಿವೆ. ಕಾಲುಚೀಲದ ಕಾರ್ಖಾನೆಯವರು ಕೆಲಸದವರಿಗೆಂದು ಹಿಂದೆ ಕಟ್ಟಿಸಿದ ಕೆಂಪು ಇಟ್ಟಿಗೆಯ ಸಾಲು. ನಡುವಿನ ಗೋಡೆ ಎಷ್ಟು ತೆಳುವೆಂದರೆ ಆ ಕಡೆಯವರು ಸೀನಿದರೆ ಈ ಕಡೆಯವರು ಚಿರಂಜೀವಿ ಅನ್ನಬಹುದು. ಮೇವಿಸ್ ಹುಟ್ಟಿದ್ದು ಇದೇ ಸಾಲಿನ ತುದಿಮನೆಯಲ್ಲಿ, ಮದುವೆಯಾಗಿ ಬಂದದ್ದು ನಡುಮನೆಗೆ. ಶಾಲೆ ಬಿಟ್ಟ ವಾರವೇ ಕಾರ್ಖಾನೆ ಸೇರಿ ಕಾಲುಚೀಲದ ಬೆರಳ ತುದಿ ಹೊಲಿಯುತ್ತ ಕೂತವಳು, ಕಾರ್ಖಾನೆ ಬಾಗಿಲು ಹಾಕಿದ ದಿನವೇ ಎದ್ದದ್ದು. ಅಲ್ಲಿನ ಯಂತ್ರಗಳ ಗದ್ದಲದಲ್ಲಿ ಪಕ್ಕದಲ್ಲಿ ಕೂತವಳ ಮಾತೂ ಕೇಳುತ್ತಿರಲಿಲ್ಲವಂತೆ. ಹೆಂಗಸರೆಲ್ಲ ತುಟಿ ನೋಡಿಯೇ ಮಾತು ತಿಳಿಯುತ್ತಿದ್ದರು. ಮೇಸ್ತ್ರಿ ಬೆನ್ನು ತಿರುಗಿಸಿದರೆ ಸಾಕು, ಒಂದಿಷ್ಟೂ ಸದ್ದಿಲ್ಲದೆ ಇಡೀ ಊರಿನ ಸಂಸಾರ ಜಾಲಾಡುತ್ತಿದ್ದರು.

ಅವಳಿಗೊಂದು ಹುಚ್ಚಿತ್ತು. ಆಕಾಶನೌಕೆ, ಬೇರೆ ಗ್ರಹ, ಯಂತ್ರಮಾನವ, ಇಂಥ ಕಥೆಪುಸ್ತಕಗಳ ಹುಚ್ಚು. ಸಂತೆಯಲ್ಲಿ ಹಳೇ ಪುಸ್ತಕದ ಅಂಗಡಿಯಿಂದ ತಂದು, ಓದಿ, ಅಲ್ಲೇ ಕೊಟ್ಟು ಬೇರೆ ತರುತ್ತಿದ್ದಳು. ಊಟದ ಬಿಡುವಿನಲ್ಲಿ ಉಳಿದ ಹೆಂಗಸರು ಮದುವೆ, ಬಸಿರು, ಗಂಡನ ಕುಡಿತ ಅಂತ ಮಾತಾಡುತ್ತಿದ್ದರೆ ಇವಳು ಹಂದಿಮಾಂಸದ ಕಡುಬು ಕಚ್ಚುತ್ತ ಶನಿಗ್ರಹದ ಸುತ್ತ ತಿರುಗುತ್ತಿದ್ದಳು.

"ಏ ಮೇವಿಸ್, ನಿನ್ನ ಚಂದ್ರಲೋಕದವರು ಕಾಲುಚೀಲ ಹಾಕ್ತಾರೇನೇ?" ಅಂತ ಯಾರೋ ಕೆಣಕಿದ್ದಕ್ಕೆ, "ಹಾಕ್ತಾರೆ. ನೀನು ಹೊಲಿದಿದ್ದು ಮಾತ್ರ ಬೇಡ ಅಂದಿದಾರೆ, ಹೆಬ್ಬೆಟ್ಟು ಹೊರಗೆ ಬರುತ್ತಂತೆ" ಅಂದಳಂತೆ. ಇದನ್ನು ನನಗೆ ಕಡಿಮೆಯೆಂದರೆ ಇಪ್ಪತ್ತು ಸಲ ಹೇಳಿದ್ದಾಳೆ. ಪ್ರತಿ ಸಲವೂ ತಾನೇ ಮೊದಲು ನಗುತ್ತಾಳೆ.

ಗಂಡ ಸ್ಟ್ಯಾನ್ ಬಸ್ಸಿನ ಕಂಡಕ್ಟರ್, ಆಮೇಲೆ ಡ್ರೈವರ್. ಒಳ್ಳೆಯವನು, ಮಾತು ಕಮ್ಮಿ. ಮಕ್ಕಳಾಗಲಿಲ್ಲ. ಇಬ್ಬರೂ ಅದನ್ನೊಂದು ಕೊರಗು ಮಾಡಿಕೊಂಡು ಕೂರಲಿಲ್ಲ.

ಯಂತ್ರಗಳ ಸದ್ದಿಗೆ ಮೇವಿಸ್‌ಳ ಕಿವಿ ಎಂದೋ ಹಾಳಾಗಿತ್ತು. ಅದು ಯಾರಿಗೂ ತಿಳಿಯಲೇ ಇಲ್ಲ, ಏಕೆಂದರೆ ಅವಳು ತುಟಿ ನೋಡಿ ಎಲ್ಲ ತಿಳಿದುಕೊಳ್ಳುತ್ತಿದ್ದಳು. ಆಮೇಲೆ ಕಣ್ಣು ಹೋಯಿತು ನೋಡಿ. ಮೊದಲು ಅಕ್ಷರ ಹೋಯಿತು, ಆಮೇಲೆ ಎದುರಿನವರ ಮುಖ ಹೋಯಿತು. ಮುಖ ಹೋದ ಮೇಲೆ ತುಟಿ ಎಲ್ಲಿಂದ ಬರಬೇಕು? ಎಡಗಿವಿ ಪೂರ್ತಿ ಕಲ್ಲು, ಬಲಗಿವಿಯಲ್ಲಿ ಒಂದಿಷ್ಟು ಜೀವ. ಅವಳಿಗೂ ಪ್ರಪಂಚಕ್ಕೂ ನಡುವೆ ಉಳಿದದ್ದು ಅಷ್ಟೇ.

ಆಗ ಸ್ಟ್ಯಾನ್ ಓದತೊಡಗಿದ. ಸಂಜೆ ಊಟವಾದ ಮೇಲೆ ಹೆಂಡತಿಯ ಬಲಕ್ಕೆ ಕುರ್ಚಿ ಎಳೆದುಕೊಂಡು, ಆ ಕಿವಿಗೆ ಬಾಯಿಟ್ಟು, ಗಟ್ಟಿಯಾಗಿ. ಓದಿದ ಅನ್ನುವುದಕ್ಕಿಂತ ಕೂಗಿದ ಅನ್ನಬೇಕು. ಹಿಂದೆ ಬಸ್ಸಿನಲ್ಲಿ ನಿಲ್ದಾಣದ ಹೆಸರು ಕೂಗುತ್ತಿದ್ದ ಅದೇ ದನಿ. ಏರಿಲ್ಲ, ಇಳಿವಿಲ್ಲ, ಭಾವವಿಲ್ಲ. ಗೋಡೆಯ ಈಚೆ ಟೀವಿ ನೋಡುತ್ತಿದ್ದ ನನಗೆ ಮೊದಮೊದಲು ಸಿಟ್ಟು ಬಂತು. ಆಮೇಲೆ ಟೀವಿಯ ಸದ್ದು ಕಮ್ಮಿ ಮಾಡಿದೆ. ಆಮೇಲೆ ಟೀವಿ ಹಾಕುವುದನ್ನೇ ಬಿಟ್ಟೆ.

ಕೊನೆಗೆ ಅವನು ಓದುತ್ತಿದ್ದ ಪುಸ್ತಕಕ್ಕೆ ಹೆಸರಿರಲಿಲ್ಲ. ಸಂತೆಯಿಂದ ತರುವಾಗಲೇ ಹೊದಿಕೆ ಕಿತ್ತುಹೋಗಿತ್ತು, ಮುಂದಿನ ಒಂದೆರಡು ಹಾಳೆಯೂ ಇರಲಿಲ್ಲ. ಬರೆದವರು ಯಾರೋ ದೇವರೇ ಬಲ್ಲ. ಕಥೆ ಇಷ್ಟು: ಎಲ್ಲೋ ಕತ್ತಲಲ್ಲಿ ಸುತ್ತುವ ಒಂದು ಪುಟ್ಟ ಚಂದ್ರ. ಹಾದುಹೋಗುವ ಆಕಾಶನೌಕೆಗಳಿಗೆ ದಾರಿ ತೋರಿಸಲು ಅಲ್ಲೊಂದು ದೊಡ್ಡ ದೀಪ. ಅದನ್ನು ನೋಡಿಕೊಳ್ಳುವ ನೆಲ್ ಎಂಬ ಒಂಟಿ ಹೆಂಗಸು, ಜೊತೆಗೆ ಸೂಪು ಕಾಯಿಸುವ ಒಂದು ಹಳೇ ಯಂತ್ರ. ಅವಳ ಸರದಿ ಮುಗಿದಿದೆ. ಅವಳನ್ನು ಕರೆದೊಯ್ಯಬೇಕಾದ ನೌಕೆ ಬಂದಿಲ್ಲ. ಗಾಳಿ ಕಮ್ಮಿಯಾಗುತ್ತಿದೆ. ಅವಳು ದೀಪ ಆರಿಸಿದರೆ ಉಸಿರಾಡಲು ಇನ್ನೊಂದಿಷ್ಟು ದಿನ ಸಿಗುತ್ತದೆ. ಆರಿಸಿದರೆ ನೌಕೆಗೆ ದಾರಿ ತಿಳಿಯುವುದಿಲ್ಲ.

ಸ್ಟ್ಯಾನ್ ಕೊನೆಯದಾಗಿ ಓದಿದ ಸಂಜೆ ನನಗೆ ಚೆನ್ನಾಗಿ ನೆನಪಿದೆ. "ನೆಲ್ ಕಿಟಕಿಗೆ ಹಣೆ ಒತ್ತಿದಳು. ದೂರದಲ್ಲಿ ಒಂದು ಚುಕ್ಕಿ ಅಲುಗಿತು. ನಕ್ಷತ್ರಗಳು ಅಲುಗುವುದಿಲ್ಲ" ಎಂದು ಓದಿ, "ಉಳಿದಿದ್ದು ನಾಳೆ, ಕಣ್ಣು ಉರೀತಿದೆ" ಅಂದ. ಗೋಡೆಯ ಈಚೆ ನಾನು, "ಅಯ್ಯೋ ಪಾಪಿ, ಇನ್ನೊಂದು ಹಾಳೆ ಓದೋ!" ಅಂತ ಬೈದುಕೊಂಡೆ. ಮರುದಿನ ಬೆಳಿಗ್ಗೆ ಊರಾಚೆಯ ತನ್ನ ತರಕಾರಿ ಪಾತಿಯಲ್ಲಿ ಈರುಳ್ಳಿ ನೆಡಲು ಬಗ್ಗಿದವನು ಮತ್ತೆ ಏಳಲಿಲ್ಲ.

ಶವಸಂಸ್ಕಾರ ಮುಗಿದ ಮೇಲೆ ಮೇವಿಸ್ ಅಳಲಿಲ್ಲ. ಚಹಾ ಕುಡಿಯುತ್ತ ಕೂತವಳು ಇದ್ದಕ್ಕಿದ್ದಂತೆ, "ಸೂ, ಆ ಚುಕ್ಕಿ ನೌಕೇನೇ ತಾನೆ?" ಅಂದಳು. ನನ್ನ ಹೆಸರು ಸುಲೋಚನಾ, ಇವರ ನಾಲಗೆಗೆ ಅಷ್ಟುದ್ದ ಹೊರಳುವುದಿಲ್ಲ.

"ನಾನು ಓದಿ ಹೇಳ್ತೀನಿ, ಕೊಡು" ಅಂದೆ.

ಸ್ಟ್ಯಾನ್ ನಿಲ್ಲಿಸಿದಲ್ಲಿಂದ ಒಂದೆರಡು ಸಾಲು ಓದಿ ನೋಡಿದೆ. ಗಂಟಲು ಹರಿದುಕೊಂಡೆ. ನನ್ನ ದನಿ ಸಣ್ಣ, ಆ ಕಿವಿಗೆ ಇಳಿಯಲೇ ಇಲ್ಲ. "ನೊಣ ಗುಂಯ್ ಅಂದ ಹಾಗಿದೆ, ಡಕ್" ಅಂದಳು. ಈ ಕಡೆಯವರು ಪ್ರೀತಿಯಿಂದ ಎಲ್ಲರಿಗೂ ಡಕ್ ಅನ್ನುತ್ತಾರೆ, ನಾವು ಮಾರಾಯ್ತಿ ಅಂದ ಹಾಗೆ. ಅವಳಿಗಿಂತ ಮೊದಲು ನಾನು ಕೊನೆ ತಿಳಿಯುವುದು ಸರಿಯಲ್ಲ ಅಂತ ಪುಸ್ತಕ ಮುಚ್ಚಿಬಿಟ್ಟೆ. ಒಂದೆರಡು ಮಾತಾದರೆ ಕಿವಿಗೆ ಕಿರುಚಿ ತಿಳಿಸಬಹುದಿತ್ತು. ಉದ್ದದ ಓದಾದರೆ, ಗಂಡಸಿನ ದಪ್ಪ ದನಿಯನ್ನು ಮುದ್ರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಪೂರ್ತಿ ತಿರುಗಿಸಿದರೆ ಮಾತ್ರ ಅವಳಿಗೆ ಕೇಳುತ್ತಿತ್ತು. ಕಿವಿಯ ಡಾಕ್ಟರು ಅದಕ್ಕೂ ಗಡುವು ಕೊಟ್ಟಿದ್ದರು. ವರ್ಷದ ಕೊನೆಯವರೆಗೆ ಬಂದರೆ ಪುಣ್ಯ ಅಂದಿದ್ದರು. ಮೇವಿಸ್‌ಗೆ ಬೇರೆ ಯಾವ ಆಸೆಯೂ ಇರಲಿಲ್ಲ. ಆ ಕಿವಿ ಮುಚ್ಚುವುದರೊಳಗೆ ನೆಲ್‌ಗೆ ಏನಾಯಿತು ಅಂತ ತಿಳಿಯಬೇಕು, ಅಷ್ಟೇ.

ನಮ್ಮೂರಲ್ಲಿ ಕಣ್ಣಿಲ್ಲದವರಿಗಾಗಿ ಮಾತಾಡುವ ಪತ್ರಿಕೆ ಅಂತ ಒಂದಿದೆ. ಕೆಲವರು ಸೇವೆಯೆಂದು ವಾರಕ್ಕೊಮ್ಮೆ ಸೇರಿ, ಊರಿನ ಪತ್ರಿಕೆಯನ್ನು ಗಟ್ಟಿಯಾಗಿ ಓದಿ, ಧ್ವನಿ ಮುದ್ರಿಸಿ, ಹಳದಿ ಚೀಲದಲ್ಲಿ ಹಾಕಿ ಅಂಚೆಯಲ್ಲಿ ಕಳಿಸುತ್ತಾರೆ. ಕೇಳಿದ ಮೇಲೆ ವಿಳಾಸದ ಚೀಟಿ ತಿರುಗಿಸಿ ಸಿಕ್ಕಿಸಿ ವಾಪಸ್ ಅಂಚೆಗೆ ಹಾಕುವುದು. ಯಾರು ಸತ್ತರು, ಯಾವ ಬೀದಿ ಅಗೆಯುತ್ತಾರೆ, ಕುಂಬಳಕಾಯಿ ಸ್ಪರ್ಧೆಯಲ್ಲಿ ಯಾರಿಗೆ ಬಹುಮಾನ, ಇಂಥದ್ದು. ಒಳ್ಳೇ ಕೆಲಸ, ಅದನ್ನು ನಾನು ಹೀಗಳೆಯುವುದಿಲ್ಲ. ಅಲ್ಲಿಗೆ ಫೋನ್ ಮಾಡಿ, ಒಂದು ಪುಸ್ತಕದ ಕೊನೆಯ ಭಾಗ ಓದಿ ಕೊಡುತ್ತೀರಾ ಅಂತ ಕೇಳಿದೆ. ಮಾರನೆಯ ದಿನ ಲಯನೆಲ್ ಮನೆಬಾಗಿಲಲ್ಲಿ ನಿಂತಿದ್ದ.

ಮಖಮಲ್ಲಿನ ಕೋಟು, ಕತ್ತಿಗೆ ಬಣ್ಣದ ಪಟ್ಟಿ. ಮನೆ ಮಾರಿಸುವ ದಲ್ಲಾಳಿಯಾಗಿ ನಿವೃತ್ತನಾದವನು. ಕೋಳಿಗೂಡಿನಷ್ಟಿರುವ ಕೋಣೆಯನ್ನು ಮನಮೋಹಕ ಅಂತ ಕರೆದು ಮಾರಿದವನು. ಊರಿನ ಹವ್ಯಾಸಿ ನಾಟಕ ಸಂಘದಲ್ಲಿ ರಾಜನ ಪಾತ್ರ ಇವನದೇ, ಬೇರೆಯವರಿಗೆ ಬಿಟ್ಟುಕೊಟ್ಟಿದ್ದೇ ಇಲ್ಲ. ಮೇವಿಸ್‌ಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, "ಪುಸ್ತಕ ನನ್ನ ಹತ್ರ ಬಿಡಿ ತಾಯಿ, ಇದಕ್ಕೆ ನಾನು ಪ್ರಾಣ ತುಂಬ್ತೀನಿ" ಅಂದ.

"ಪ್ರಾಣ ಬೇಡ, ಓದಿದ್ರೆ ಸಾಕು" ಅಂದಳು ಮೇವಿಸ್. ಅವನು ಜೋರಾಗಿ ನಕ್ಕ. ತಮಾಷೆ ಅಂದುಕೊಂಡ.

ಒಂದು ಗುರುವಾರ ಹಳದಿ ಚೀಲ ಬಂತು. ನಾನು ಕೆಲಸ ಎಲ್ಲ ಬಿಟ್ಟು ಓಡಿದೆ, ನನಗೂ ಕುತೂಹಲ ತಡೆಯಲಾಗುತ್ತಿರಲಿಲ್ಲ. ಇಬ್ಬರಿಗೂ ಕೇಳಲಿ ಅಂತ ಹೆಡ್‌ಫೋನ್ ಬಿಟ್ಟು, ಮುದ್ರಿಸಿದ್ದನ್ನು ಕೇಳಿಸುವ ಪೆಟ್ಟಿಗೆಯ ಸದ್ದು ಪೂರ್ತಿ ಏರಿಸಿ ಗುಂಡಿ ಒತ್ತಿದೆವು. ಮೊದಲು ಕಹಳೆ ಮೊಳಗಿತು. ಅದೂ ಬಾಯಲ್ಲೇ. ಆಮೇಲೆ ಲಯನೆಲ್ ಶುರು ಮಾಡಿದ.

ಅವನು ಪುಸ್ತಕವನ್ನು ಇದ್ದ ಹಾಗೆ ಓದಿರಲಿಲ್ಲ. ನಾನೂರು ವರ್ಷದ ಹಿಂದೆ, ಮೊದಲನೇ ಎಲಿಜಬೆತ್ ರಾಣಿಯ ಕಾಲದಲ್ಲಿ, ರಂಗದ ಮೇಲೆ ರಾಜರು ಆಡುತ್ತಿದ್ದ ಇಂಗ್ಲಿಷಿನಲ್ಲಿ ಇಡೀ ಕಥೆಯನ್ನು ತಾನೇ ತಿದ್ದಿ ಬರೆದಿದ್ದ. ಅದೂ ಮೊದಲಿನಿಂದ. ಕನ್ನಡದಲ್ಲಿ ಹೇಳುವುದಾದರೆ ಹಳೇ ಕಂಪನಿ ನಾಟಕದ ಮಾತಿಗೆ ಇನ್ನೂ ನಾಲ್ಕು ಪಟ್ಟು ಬೆಲ್ಲ ಸುರಿದ ಹಾಗಿತ್ತು. ಪುಸ್ತಕದಲ್ಲಿ ನೆಲ್ ಆ ಯಂತ್ರಕ್ಕೆ "ಸೂಪು ತಾ" ಅನ್ನುತ್ತಾಳೆ. ಸ್ಟ್ಯಾನ್ ಹಾಗೇ ಕೂಗಿದ್ದ. ಲಯನೆಲ್ ಏನು ಮಾಡಿದ ಗೊತ್ತೇ?

"ಎಲೈ ಉಕ್ಕಿನ ಉದರವುಳ್ಳ ಸೇವಕನೇ! ನಿನ್ನ ಚಕ್ರಪಾದಗಳನ್ನಿತ್ತ ಹೊರಳಿಸುವಂಥವನಾಗು! ಎನ್ನ ಕ್ಷುಧಾಗ್ನಿಯು ಧಗಧಗಿಸುತಿಹುದು! ಆ ಬಿಸಿದ್ರವವನು, ಆ ತರಕಾರಿಗಳ ಕಣ್ಣೀರನು, ಎನ್ನ ಅಧರಗಳಿಗೆ ಅರ್ಪಿಸುವಂಥವನಾಗು!"

ತರಕಾರಿಗಳ ಕಣ್ಣೀರಂತೆ! ಥೂ! ನೆಲ್‌ಳ ಮಾತು ಬಂದಾಗ ಕತ್ತು ಹಿಚುಕಿದ ಕೋಳಿಯ ದನಿ. ಯಂತ್ರದ ಮಾತು ಬಂದಾಗ ಮೂಗಿನಲ್ಲಿ ಹಾಡು, ಅದು ಈಗ ಒಗಟು ಹೇಳುವ ವಿದೂಷಕ. ಗಾಳಿ ಕಮ್ಮಿಯಾಯಿತು ಅನ್ನುವ ಒಂದು ಸಾಲಿಗೆ, "ಓ ಆಮ್ಲಜನಕವೇ, ಚಂಚಲೆಯೇ, ಎನ್ನನೇಕೆ ತೊರೆದು ಪೋಪೆ?" ಅಂತ ಅರ್ಧ ಗಂಟೆ ಗೋಳು. ಸಾಲದ್ದಕ್ಕೆ ಬಾಯಲ್ಲಿ ಅದೇನೋ ಪೆಪ್ಪರ್‌ಮಿಂಟ್ ಬೇರೆ. ಅದು ಹಲ್ಲಿಗೆ ಟಕ್ ಟಕ್ ಅಂತ ತಾಗುವುದು, ಉಗುಳು ನುಂಗುವುದು, ತುಟಿ ಚಪ್ಪರಿಸುವುದು, ಎಲ್ಲ ಪೂರ್ತಿ ಏರಿಸಿದ ಸದ್ದಿನಲ್ಲಿ ಆ ಸಣ್ಣ ಕೋಣೆ ತುಂಬಿತು. ನನಗೆ ಮೈಮೇಲೆ ಯಾರೋ ಎಂಜಲು ಸವರಿದಂತೆ ಅಸಹ್ಯವಾಯಿತು. ಕೈಯಲ್ಲಿದ್ದ ಬಿಸ್ಕೆಟ್ಟನ್ನು ಹಾಗೇ ಕೆಳಗಿಟ್ಟೆ.

ಮೇವಿಸ್ ಬಲಗಿವಿಯನ್ನು ಪೆಟ್ಟಿಗೆಗೆ ಒತ್ತಿ ಕೂತಿದ್ದಳು. ಬಹಳ ಹೊತ್ತಿನ ಮೇಲೆ, "ಇವನು ಏನು ಹೇಳ್ತಿದಾನೆ, ಸೂ?" ಅಂದಳು.

"ಸೂಪು ಕೇಳ್ತಿದಾನೆ."

"ಇನ್ನೂ?"

ಅಷ್ಟರಲ್ಲಿ ಫೋನ್ ಬಂತು. ಅವನೇ. ಗುರುವಾರದ ಅಂಚೆ ಬಂದಿರುತ್ತದೆ ಅಂತ ಲೆಕ್ಕ ಹಾಕಿ ಹೊಗಳಿಕೆಗೆ ಕೈ ಚಾಚಿದ್ದ. ಮೇವಿಸ್ ಹೇಳಬೇಕಾದ್ದು ಒಂದೇ ಮಾತು, ನನಗೆ ಇದು ಬೇಡ, ಇದ್ದದ್ದನ್ನು ಓದಿ ಕೊಡಿ ಅಂತ. ಆದರೆ ಈ ಜನರನ್ನು ನೀವು ಬಲ್ಲಿರಾ? ಇವರಿಗೆ ಕಾಲು ತುಳಿದವನ ಹತ್ತಿರ ತಾವೇ ಕ್ಷಮೆ ಕೇಳುವ ಜಾಯಮಾನ. ಅದರಲ್ಲೂ ಒಬ್ಬ ಮನುಷ್ಯ ಬಿಟ್ಟಿ ಸೇವೆ ಮಾಡುತ್ತಿದ್ದಾನೆ ಎಂದರೆ ಮುಗಿಯಿತು, ವಿಷ ಕೊಟ್ಟರೂ ಚೆನ್ನಾಗಿದೆ ಅಂತ ಬಟ್ಟಲು ನೆಕ್ಕಬೇಕು.

"ಲವ್ಲಿ, ಲಯನೆಲ್" ಅಂದಳು ಮೇವಿಸ್. "ತುಂಬಾನೇ ವಿಶೇಷವಾಗಿತ್ತು."

ಇವರ ಬಾಯಲ್ಲಿ ವಿಶೇಷವಾಗಿತ್ತು ಅಂದರೆ ಕೆಟ್ಟದಾಗಿತ್ತು ಅಂತಲೇ ಅರ್ಥ. ಇಲ್ಲಿ ಹುಟ್ಟಿದ ಪ್ರತಿ ಕೂಸಿಗೂ ಅದು ಗೊತ್ತು. ಲಯನೆಲ್‌ಗೂ ಗೊತ್ತು, ಬೇರೆಯವರಿಗೆ ಹೇಳಿದಾಗ. ತನ್ನ ವಿಷಯಕ್ಕೆ ಬಂದಾಗ ಮರೆತುಹೋಗುತ್ತದೆ. ಸಂತೋಷದಿಂದ ಕೇಕೆ ಹಾಕಿ, ಮುಂದಿನ ವಾರ ಎರಡನೇ ಅಂಕ ಕಳಿಸುತ್ತೇನೆ ಅಂದ.

"ನಿಂಗೇನು ಬಂದಿದೆ ದೊಡ್ಡರೋಗ?" ನಾನು ಅವಳ ಕಿವಿಗೇ ಕಿರುಚಿದೆ. "ಬೇಡ ಅನ್ನೋಕೆ ಆಗಲ್ವಾ?"

"ಪಾಪ, ಅವನು ಎಷ್ಟು ಕಷ್ಟಪಟ್ಟಿದಾನೆ."

"ಕಷ್ಟನಾ? ಚಪ್ಪರಿಸಿಕೊಂಡು ಮಾಡಿದಾನೆ! ಕೇಳಿಸ್ಲಿಲ್ವಾ ಆ ಬಾಯಿ? ನೀನು ಹೇಳದಿದ್ರೆ ನಾನು ಹೇಳ್ತೀನಿ."

"ನೀನು ಬಾಯಿ ತೆಗೆದ್ರೆ ನಾನು ಈ ಊರಲ್ಲಿ ತಲೆ ಎತ್ತೋ ಹಾಗಿಲ್ಲ. ಕೊನೇಲಿ ಹೇಗೂ ಕಥೆ ಬಂದೇ ಬರುತ್ತಲ್ಲ ಡಕ್, ಕಾಯೋಣ."

ಕಾದೆವು. ಗುರುವಾರ ಬಂತೆಂದರೆ ನನಗೆ ಬೆಳಿಗ್ಗೆಯಿಂದಲೇ ವಾಕರಿಕೆ. ಎರಡನೇ ಅಂಕದಲ್ಲಿ ಪುಸ್ತಕದಲ್ಲೇ ಇಲ್ಲದ ಒಬ್ಬ ಡ್ಯೂಕ್ ಬಂದ. ಮೂರನೆಯದರಲ್ಲಿ ಭೂತ ಬಂತು. ಚಂದ್ರನ ಮೇಲೆ ಭೂತ! ಪ್ರತಿ ಸಲ ಫೋನ್, ಪ್ರತಿ ಸಲ ಲವ್ಲಿ. ಬೇಸಿಗೆ ಹೋಯಿತು, ಎಲೆ ಉದುರಿತು. ಮೇವಿಸ್ ಪೆಟ್ಟಿಗೆಯ ಸದ್ದನ್ನು ಕೊನೆಯವರೆಗೆ ತಿರುಗಿಸಿದ ಮೇಲೂ ಗುಂಡಿಯನ್ನು ಇನ್ನೂ ತಿರುಗಿಸಲು ನೋಡುತ್ತಿದ್ದಳು.

ಒಂದು ದಿನ ಅವಳಿಗೆ ತಿಳಿಸದೆ ಲಯನೆಲ್‌ನ ಮನೆಗೆ ಹೋದೆ. "ಪುಸ್ತಕ ವಾಪಸ್ ಕೊಡಿ, ಮೇವಿಸ್‌ಗೆ ಬೇಕಂತೆ" ಅಂದೆ.

"ಕಲಾವಿದನ ಕೆಲಸ ಅರ್ಧಕ್ಕೆ ಕಿತ್ತುಕೋತೀರಾ?" ಅಂತ ಎದೆ ಮೇಲೆ ಕೈಯಿಟ್ಟುಕೊಂಡ. "ಕೊನೇ ಅಂಕ ನಾನು ಅಂಚೇಲಿ ಕಳಿಸಲ್ಲ. ನಮ್ಮ ವಾರ್ಷಿಕ ಚಹಾಕೂಟದಲ್ಲಿ, ಎಲ್ಲರ ಎದುರಿಗೆ ಅಭಿನಯಿಸ್ತೀನಿ. ವಂದನೆ ಹೇಳೋದು ಮೇವಿಸ್. ಗುಟ್ಟಾಗಿರಲಿ, ಆಶ್ಚರ್ಯ ಮಾಡೋಣ ಅಂತಿದ್ದೆ."

"ಅವಳ ಕಿವಿ ಅಲ್ಲಿವರೆಗೆ ತಡೆಯೋದೇ ಅನುಮಾನ."

"ನನ್ನ ದನಿ ಕೇಳದ ಕಿವಿ ಈ ಜಿಲ್ಲೇಲಿ ಇಲ್ಲ" ಅಂದು ಬಾಗಿಲು ಹಾಕಿದ. ಇದ್ದ ಮಾತು ಹೇಳುತ್ತೇನೆ, ನನಗೆ ಅವನ ಕಪಾಳಕ್ಕೆ ಬಿಗಿಯಬೇಕು ಅನ್ನಿಸಿತ್ತು.

ಚಹಾಕೂಟ ನಡೆದದ್ದು ಚರ್ಚಿನ ಪಕ್ಕದ ಹಾಲ್‌ನಲ್ಲಿ. ಮೊಟ್ಟೆಯ ಸ್ಯಾಂಡ್‌ವಿಚ್, ಜಾಮ್ ಹಚ್ಚಿದ ಕೇಕು, ಬುಸುಗುಡುವ ನೀರಿನ ಹಂಡೆ. ಕಣ್ಣಿಲ್ಲದವರು, ಅವರನ್ನು ಕರೆತಂದವರು, ಪತ್ರಿಕೆ ಓದುವವರು ಸೇರಿ ಹಾಲ್ ತುಂಬಿತ್ತು. ಅಧ್ಯಕ್ಷೆ ಡ್ಯಾಫ್ನಿ ಮುತ್ತಿನ ಸರ ಹಾಕಿಕೊಂಡು ಎಲ್ಲರಿಗೂ ಲವ್ಲಿ ಹಂಚುತ್ತಿದ್ದಳು. ಮೇವಿಸ್ ಮುಂದಿನ ಸಾಲಿನಲ್ಲಿ ಬಲಗಿವಿಯನ್ನು ರಂಗದ ಕಡೆಗೆ ತಿರುಗಿಸಿ ಕೂತಳು. ಕಿವಿಯ ಯಂತ್ರಕ್ಕೆ ಅವತ್ತೇ ಹೊಸ ಬ್ಯಾಟರಿ ಹಾಕಿಸಿಕೊಂಡಿದ್ದಳು. "ಇವತ್ತು ತಿಳಿಯುತ್ತೆ ಬಿಡು" ಅಂತ ನನ್ನ ಮಂಡಿ ತಟ್ಟಿದಳು.

ಲಯನೆಲ್ ಬಂದ. ಕಾಲಿಗೆ ಬಿಗಿ ಚೀಲ, ಕತ್ತಿಗೆ ನೆರಿಗೆಯ ಬಿಳಿ ಪಟ್ಟಿ. ಅವನು ಏನೇನು ಮಾಡಿದ ಅಂತ ಪೂರ್ತಿ ಹೇಳಿದರೆ ನನಗೆ ಮತ್ತೆ ಊಟ ಸೇರುವುದಿಲ್ಲ. ಡ್ಯೂಕ್ ವಿಷ ಕುಡಿದ. ಸೂಪಿನ ಯಂತ್ರ ಹಾಡುತ್ತ ತುಕ್ಕು ಹಿಡಿದು ಸತ್ತಿತು. ನೌಕೆ ಬಂಡೆಗೆ ಬಡಿದು ಪುಡಿಯಾಯಿತು. ನೆಲ್ ದೀಪವನ್ನು ತಬ್ಬಿಕೊಂಡು, "ಎಲೈ ಪ್ರಜ್ವಲಿತ ಪ್ರಿಯತಮನೇ, ಈ ಅಬಲೆಯನು ಸ್ವೀಕರಿಸುವಂಥವನಾಗು!" ಅಂತ ಕೂಗಿ ಕೂಗಿ, ಬಿದ್ದು, ಎದ್ದು, ಇನ್ನಷ್ಟು ಕೂಗಿ ಸತ್ತಳು. ಲಯನೆಲ್ ನೆಲದ ಮೇಲೆ ಬೆವರಿಳಿಸಿಕೊಂಡು ಮಲಗಿದ್ದ. ಚಪ್ಪಾಳೆಯೋ ಚಪ್ಪಾಳೆ. "ಲವ್ಲಿ", "ಎಷ್ಟು ವಿಶೇಷ!" ಅಂತ ಸಾಲು ಸಾಲಾಗಿ ಉಸುರಿದರು. ಹಿಂದಿನ ಸಾಲಿನ ಅಜ್ಜ ಒಬ್ಬ ಗೊರಕೆಯಿಂದ ಎಚ್ಚೆತ್ತು ತಾನೂ ತಟ್ಟಿದ.

"ಈಗ ನಮ್ಮ ಮೇವಿಸ್ ವಂದನೆ ಹೇಳ್ತಾರೆ" ಅಂದಳು ಡ್ಯಾಫ್ನಿ.

ನಾನು ಮೇವಿಸ್‌ಳ ತೋಳು ಹಿಡಿದು ಮೇಲೆ ಕರೆದೊಯ್ದೆ. ಅವಳು ಗಂಟಲು ಸರಿಮಾಡಿಕೊಂಡಳು. "ಎಲ್ಲರಿಗೂ ಥ್ಯಾಂಕ್ಸ್. ಕೇಕು ಚೆನ್ನಾಗಿದೆ" ಅಂದಳು. ಆದರೆ ಕೆಳಗಿಳಿಯಲಿಲ್ಲ. "ಲಯನೆಲ್, ಇಲ್ಲಿದೀರಾ? ಒಂದು ಕೇಳಬೇಕಿತ್ತು. ಪುಸ್ತಕದಲ್ಲೂ ಹೀಗೇನಾ? ನೌಕೆ ಒಡೆದುಹೋಗುತ್ತಾ?"

"ಪುಸ್ತಕದ ಆತ್ಮದಲ್ಲಿ ಹೀಗೇ ಇದೆ, ತಾಯಿ" ಅಂದ ಅವನು, ಕೈ ಬೀಸುತ್ತ.

"ಆತ್ಮ ಬೇಡ. ಹಾಳೇಲಿ ಏನಿದೆ? ಸ್ಟ್ಯಾನ್ ಆ ಚುಕ್ಕಿ ಅಲುಗಿತು ಅನ್ನೋವರೆಗೆ ಓದಿದ್ದ. ಅದು ನೌಕೇನಾ? ಅವಳು ದೀಪ ಆರಿಸ್ತಾಳಾ? ಅಷ್ಟು ಹೇಳಿ ಸಾಕು. ಹಾಲಿನವನಿಗೆ ನಾಳೆ ಎಷ್ಟು ಬಾಟ್ಲಿ ಅಂತ ಹೇಳ್ತೀರಲ್ಲ, ಹಾಗೆ ಹೇಳಿ."

"ಕಾಲವೆಂಬ ಕಡಲಿನಲ್ಲಿ..." ಅಂತ ಶುರು ಮಾಡಿದ.

"ಹಾಗಲ್ಲ" ಅಂದಳು ಮೇವಿಸ್. ಬಲಗಿವಿಯ ಮೇಲಿನ ಬಿಳಿ ಕೂದಲು ಸರಿಸಿ ಕಿವಿಯನ್ನು ಅವನಿಗೆ ಒಡ್ಡಿದಳು. "ಇಲ್ಲಿ ಹೇಳಿ. ನನಗೆ ಇದು ಇನ್ನು ಜಾಸ್ತಿ ದಿನ ಇರಲ್ಲ."

ಲಯನೆಲ್ ಹತ್ತಿರ ಬಂದು ಮೆಲ್ಲಗೆ ಏನೋ ಅಂದ.

"ಕೇಳಿಸ್ಲಿಲ್ಲ."

"ಓದಿಲ್ಲ" ಅಂದ, ಸ್ವಲ್ಪ ಗಟ್ಟಿಯಾಗಿ.

"ಏನು? ಜೋರಾಗಿ ಹೇಳಿ."

"ಓದಿಲ್ಲ, ಮೇವಿಸ್!" ಎಂದು ಅವನು ಕಿರುಚಿದ. ಕೋಳಿಯ ದನಿ, ರಾಜನ ದನಿ ಯಾವುದೂ ಇರಲಿಲ್ಲ. "ಕೊನೇ ಭಾಗ ನಾನು ಓದೇ ಇಲ್ಲ! ಅಲ್ಲಿವರೆಗೆ ಬರೋ ಹೊತ್ತಿಗೆ ನನ್ನದೇ ಅಂತ್ಯ ಹೊಳೆದಿತ್ತು. ಓದಿದ್ರೆ ನನ್ನ ಕಲ್ಪನೆ ಕೆಡುತ್ತೆ ಅಂತ ಓದ್ಲಿಲ್ಲ!"

"ಹೋಗ್ಲಿ, ಪುಸ್ತಕ ಕೊಡಿ. ಬೇರೆ ಯಾರಾದ್ರೂ ಓದ್ತಾರೆ."

ಅವನು ಡ್ಯಾಫ್ನಿಯ ಕಡೆ ನೋಡಿದ. ಡ್ಯಾಫ್ನಿ ಸ್ಯಾಂಡ್‌ವಿಚ್ ಕಡೆ ನೋಡಿದಳು.

"ಹಾಳೆ ಕತ್ತರಿಸಿ, ಅಂಟಿಸಿ, ಅದರ ಮೇಲೆ ಬರೀತಿದ್ದೆ" ಎಂದು ಮತ್ತೆ ಕಿರುಚಿದ. "ಬೇಡದ ಹಾಳೆ ಉಳಿದಿತ್ತಲ್ಲ, ಅದನ್ನ ರದ್ದಿ ಡಬ್ಬಿಗೆ ಹಾಕ್ಬಿಟ್ಟೆ. ಜೂನ್‌ನಲ್ಲೇ ಲಾರಿ ತಗೊಂಡು ಹೋಯ್ತು!"

ಬೇಡದ ಹಾಳೆ! ಒಬ್ಬ ಮುದುಕಿ ತನ್ನ ಕೊನೆಯ ಕಿವಿಯನ್ನು ಹಿಡಿದುಕೊಂಡು ತಿಂಗಳುಗಟ್ಟಲೆ ಕಾದಿದ್ದಾಳೆ. ಇವನು ಬೇಸಿಗೆಯಲ್ಲೇ ಅದನ್ನು ಕಸಕ್ಕೆ ಹಾಕಿ, ಗುರುವಾರ ಗುರುವಾರ ಫೋನ್ ಮಾಡಿ ಹೊಗಳಿಸಿಕೊಂಡಿದ್ದಾನೆ. ಇಂಥ ಹೊಲಸು ಮನುಷ್ಯನನ್ನು ನನ್ನ ಜನ್ಮದಲ್ಲಿ ಕಂಡಿಲ್ಲ. ನಾನು ಅವನ ಮುಖಕ್ಕೇ "ಥೂ ನಿನ್ನ" ಅಂದೆ, ಅಪ್ಪಟ ಕನ್ನಡದಲ್ಲಿ. ಅರ್ಥ ಯಾರಿಗೂ ಹೇಳಿಕೊಡಬೇಕಾಗಲಿಲ್ಲ.

ಆಗಲಾದರೂ ಯಾರಾದರೂ ಎದ್ದು ಅವನಿಗೆ ನಾಲ್ಕು ಮಾತು ಅನ್ನುತ್ತಾರೆ ಅಂತ ಕಾದೆ. ಡ್ಯಾಫ್ನಿ ಎದ್ದು ನಿಂತಳು. ಮುತ್ತಿನ ಸರ ಮುಟ್ಟಿಕೊಂಡು, "ಥ್ಯಾಂಕ್ಯೂ ಮೇವಿಸ್, ತುಂಬಾ ವಿಶೇಷವಾಗಿತ್ತು. ಇನ್ನು ಚಹಾ ತಗೊಳ್ಳೋಣವೇ?" ಅಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಕುರ್ಚಿಗಳು ಸರಿದವು, ಬಟ್ಟಲುಗಳು ಸದ್ದು ಮಾಡಿದವು. ನಾವು ಬಾಗಿಲ ಕಡೆ ನಡೆಯುವಾಗ ಒಬ್ಬಾಕೆ ಇನ್ನೊಬ್ಬಾಕೆಗೆ, "ಪಾಪ ಲಯನೆಲ್, ಅಷ್ಟು ಜನರ ಎದುರು ಹಾಗಾ ಕೇಳೋದು?" ಅನ್ನುತ್ತಿದ್ದಳು. ಬಾಯಲ್ಲಿ ಕೇಕು ತುಂಬಿತ್ತು.

ಹೊರಗೆ ಜಿನುಗು ಮಳೆ. ಮೇವಿಸ್‌ಳನ್ನು ಕಾರಿನಲ್ಲಿ ಕೂರಿಸಿ ಬೆಲ್ಟು ಹಾಕಿದೆ. ನಾನೂ ಪಕ್ಕದಲ್ಲಿ ಕೂತು ಬಾಗಿಲು ಹಾಕಿಕೊಂಡೆ. ಅವಳು ನನ್ನ ಕಡೆ ಬಲಗಿವಿ ತಿರುಗಿಸಿದಳು.

"ನಿಂಗೇನನ್ನಿಸುತ್ತೆ ಸೂ? ಬಂತಾ ನೌಕೆ?"

ಬಂತು ಅನ್ನಬಹುದಿತ್ತು. ನಾಲಗೆ ತುದಿಗೆ ಬಂದೂ ಇತ್ತು. ಆದರೆ ಆ ಹಾಲ್‌ನಲ್ಲಿ ಹೊಟ್ಟೆ ತುಂಬ ಲವ್ಲಿ ಕೇಳಿ ಬಂದಿದ್ದೆ. ಅದಕ್ಕೆ ಇನ್ನೊಂದನ್ನು ಸೇರಿಸಲು ನನಗೆ ಹೇಸಿಗೆಯಾಯಿತು.

"ಗೊತ್ತಿಲ್ಲ, ಮೇವಿಸ್!" ಅಂತ ಕಿವಿಗೆ ಬಾಯಿಟ್ಟು ಕೂಗಿದೆ. "ನಂಗೂ ಗೊತ್ತಿಲ್ಲ! ಇನ್ನು ಯಾರಿಗೂ ಗೊತ್ತಾಗಲ್ಲ!"

ಅವಳು ತಲೆಯಾಡಿಸಿದಳು. ಆ ಮಾತು ಅವಳಿಗೆ ಪೂರ್ತಿ ಕೇಳಿಸಿತ್ತು.

"ಹಾಗಾದ್ರೆ ಅವಳು ಇನ್ನೂ ಅಲ್ಲೇ ಇದಾಳೆ" ಅಂದಳು. "ದೀಪ ಹಚ್ಕೊಂಡು."

ಆಗ ಅವಳು ಅತ್ತಳು. ಸ್ಟ್ಯಾನ್ ಹೋದಾಗ ಅಳದೇ ಇದ್ದವಳು ಬಾಯಿ ಬಿಟ್ಟು, ಮಗುವಿನ ಹಾಗೆ, ಸದ್ದು ಮಾಡಿ ಅತ್ತಳು. ಒಳಗಿನಿಂದ ಮತ್ತೊಮ್ಮೆ ಚಪ್ಪಾಳೆ ಕೇಳಿಸಿತು, ಯಾರಿಗೋ ಏನೋ ಬಹುಮಾನ ಕೊಡುತ್ತಿದ್ದರು. ನಾನು ಕಿಟಕಿ ಏರಿಸಿ, ಅವಳ ಅಳು ಮುಗಿಯುವವರೆಗೆ ಕಾರನ್ನು ಅಲ್ಲೇ ನಿಲ್ಲಿಸಿಕೊಂಡಿದ್ದೆ.